ಜಮಖಾನ: ಒಂದು ಹಾಸಿನ ಹೆಸರಿನ ಜಾಡಿನಲ್ಲಿ

ನಮ್ಮ ಬಳಗದ ತಿಂಗಳ ಸಭೆಯ ಕರೆಯೋಲೆಯಲ್ಲಿ ಈ ಸಲ ಒಂದು ಸಾಲು ಸೇರಿತ್ತು: ‘ಜಮಖಾನದ ಮೇಲೆ ಕೂರುವ ವ್ಯವಸ್ಥೆ ಇದೆ, ನೆಲದಲ್ಲಿ ಕೂರಲಾಗದವರಿಗೆ ಕುರ್ಚಿಗಳಿರುತ್ತವೆ.’ ಕರಡನ್ನು ತಿದ್ದಿಕೊಡಲೆಂದು ಹಿರಿಯರೊಬ್ಬರಿಗೆ ಕೊಟ್ಟಿದ್ದೆವು. ಅವರು ‘ಜಮಖಾನ’ವನ್ನು ಕೆಂಪು ಶಾಯಿಯಿಂದ ಹೊಡೆದು, ಮೇಲೆ ‘ನೆಲಹಾಸು’ ಎಂದು ಬರೆದು, ಅಂಚಿನಲ್ಲಿ ‘ಇದು ನಮ್ಮ ಮಾತಲ್ಲ’ ಎಂದು ಟಿಪ್ಪಣಿ ಸೇರಿಸಿ ಹಿಂದಿರುಗಿಸಿದರು. ಅಚ್ಚಗನ್ನಡದ ವಿಷಯದಲ್ಲಿ ಹಿರಿಯರು ಕಟ್ಟುನಿಟ್ಟಿನವರು. ಹೀಗಾಗಿ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ‘ನೆಲಹಾಸು’ ಎಂದರೆ ಈಗ ಊರ ಕಡೆಯ ಅಂಗಡಿಗಳಲ್ಲಿ ಟೈಲ್ಸ್, ಗ್ರಾನೈಟು ಎಲ್ಲವೂ ಆಗುತ್ತದೆ. ನಾವು ಹುಟ್ಟಿದಾಗಿನಿಂದ ಹೊರಳಾಡಿದ್ದು, ಓದಿದ್ದು, ಮದುವೆಮನೆಗಳಲ್ಲಿ ನಿದ್ದೆ ಹೋದದ್ದು ಜಮಖಾನದ ಮೇಲೆ. ಅದು ನಮ್ಮ ಮಾತಲ್ಲವಾದರೆ ಮತ್ತೆ ಯಾರದು?

ಈ ಪ್ರಶ್ನೆಯನ್ನು ಹಿಡಿದು ಹೊರಟದ್ದರಿಂದ ಈ ಬರಹ ಹುಟ್ಟಿತು.

ಮೊದಲು ನಮ್ಮದೇ ಒಂದು ಸಾಕ್ಷ್ಯ. ಕೇಂದ್ರ ಸರಕಾರದ ನೌಕರಿ ನಮ್ಮನ್ನು ಚೆನ್ನೈಗೆ, ಹೈದರಾಬಾದಿಗೆ, ಈಗ ಪುಣೆಗೆ ಕರೆತಂದಿದೆ. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಪಾತ್ರೆಪಡಗ, ಪುಸ್ತಕಗಳನ್ನು ಸುತ್ತಿಕೊಂಡು ಬಂದದ್ದು ಊರಿನಿಂದ ತಂದ ನೀಲಿ–ಕೆಂಪು ಪಟ್ಟೆಯ ಒಂದು ಜಮಖಾನ. ಚೆನ್ನೈಯ ಕೂಲಿಯಾಳು ಅದನ್ನು ನೋಡಿ ‘ಜಮಕ್ಕಾಳಮಾ?’ ಎಂದು ಕೇಳಿದ. ಹೈದರಾಬಾದಿನ ನೆರೆಮನೆಯಾಕೆಯ ಬಾಯಲ್ಲಿ ಅದು ‘ಜಂಬುಖಾನ’ ಆಯಿತು. ಪುಣೆಗೆ ಬಂದ ಮೇಲೆ ಮಾತ್ರ ಅದು ಹೆಸರು ಬದಲಿಸಿ ‘ಸತರಂಜಿ’ಯಾಯಿತು. ಕಚೇರಿಯ ಹಿಂದಿ ಮಾತಿನಲ್ಲಿ ಅದು ಬರಿಯ ‘ದರಿ’. ನಮ್ಮ ಮಗಳಿಗೆ ಈ ನಾಲ್ಕೂ ಗೊತ್ತು; ಕನ್ನಡದ ಮಾತನ್ನು ಮಾತ್ರ ಅಜ್ಜಿಯ ಮನೆಯಲ್ಲಿ ಬಳಸುತ್ತಾಳೆ.

ದಕ್ಷಿಣದ ಮೂರು ಭಾಷೆಗಳೂ ಒಂದೇ ಮಾತನ್ನು ತಂತಮ್ಮ ಬಾಯಿಗೆ ತಕ್ಕಂತೆ ಹೊರಳಿಸಿಕೊಂಡಿವೆ. ಅಂದಮೇಲೆ ಅದರ ತವರು ಈ ಮೂರರ ಆಚೆಗಿರಬೇಕು. ಆ ತವರು ಪಾರಸಿ ಎಂಬುದರಲ್ಲಿ ಜಗಳವಿಲ್ಲ. ‘ಖಾನ’ ಎಂಬ ಉತ್ತರಾರ್ಧವೇ ಅದರ ಗುರುತಿನ ಚೀಟಿ. ಪಾರಸಿಯಲ್ಲಿ ‘ಖಾನಃ’ ಎಂದರೆ ಮನೆ. ಕಾರಖಾನೆ ಕೆಲಸದ ಮನೆ, ದವಾಖಾನೆ ಮದ್ದಿನ ಮನೆ, ಬಂದೀಖಾನೆ ಸೆರೆಯ ಮನೆ. ಜನಗಣತಿಗೆ ನಮ್ಮ ಹಿರಿಯರು ‘ಖಾನೇಷುಮಾರಿ’ ಎನ್ನುತ್ತಿದ್ದರು. ಅದರ ಅಕ್ಷರಾರ್ಥ ಮನೆಗಳ ಎಣಿಕೆ. ಇದೇ ‘ಖಾನ’ಕ್ಕೆ ಇನ್ನೊಂದು ಅರ್ಥವೂ ಉಂಟು: ಗೆರೆಗಳ ನಡುವಿನ ಚೌಕ, ಅಂಕಣ. ನಾವು ದಿನಬೆಳಗಾದರೆ ತುಂಬುವ ಹಿಂದಿ ನಮೂನೆಗಳಲ್ಲಿ ‘ಖಾನಾ ಸಂಖ್ಯೆ ಇಷ್ಟು’ ಎಂದರೆ ಇಂತಿಷ್ಟನೆಯ ಅಂಕಣ ಎಂದು ಅರ್ಥ. ಚೌಕಳಿ ಬಟ್ಟೆಗೆ ಉತ್ತರದವರು ‘ಚಾರಖಾನಾ’ ಎನ್ನುವುದೂ ಇದರಿಂದಲೇ.

ತೊಡಕು ಇರುವುದು ಪೂರ್ವಾರ್ಧದಲ್ಲಿ. ‘ಜಮ’ ಎಂಬುದನ್ನು ಎರಡು ರೀತಿಯಲ್ಲಿ ಬಿಡಿಸಬಹುದು. ಒಂದು, ಅರಬ್ಬಿಯಿಂದ ಬಂದ ‘ಜಮಾ’, ಕೂಡುವುದು. ಜಮಾಖರ್ಚು, ಜಮಾಬಂದಿ, ಜನ ಜಮಾಯಿಸುವುದು ಎಲ್ಲವೂ ಈ ಬೇರಿನವು. ಜನ ಜಮೆಯಾಗಿ ಕೂರುವ ಹಾಸು ಜಮಖಾನ ಎಂದರೆ ಕೇಳುವುದಕ್ಕೆ ಹಿತವಾಗಿದೆ. ನಮ್ಮ ಬಳಗದ ಬಹುಮಂದಿ ಇದಕ್ಕೇ ಕೈ ಎತ್ತಿದರು. ಇನ್ನೊಂದು, ಪಾರಸಿಯ ‘ಜಾಮಃ’, ಬಟ್ಟೆ ಅಥವಾ ಉಡುಪು. ಕಾಲಿನ ಉಡುಪು ಪೈಜಾಮ ಆದದ್ದು ಇದರಿಂದ. ಪಾರಸಿಯಲ್ಲಿ ‘ಜಾಮಃಖಾನಃ’ ಎಂದರೆ ಉಡುಪುಗಳನ್ನು ಇರಿಸುವ ಕೋಣೆ.

ನಮ್ಮ ಒಲವು ಎರಡನೆಯದರ ಕಡೆಗೆ. ಜನ ಕೂಡುವ ಮನೆಗೆ ಆ ಭಾಷೆಯಲ್ಲಿ ಬೇರೆಯೇ ಒಂದು ಸಿದ್ಧ ಮಾತಿದೆ. ದಿಲ್ಲಿಯ ನಿಜಾಮುದ್ದೀನರಂಥ ಸೂಫಿಗಳು ಶಿಷ್ಯರೊಡನೆ ಕೂರುತ್ತಿದ್ದ ಸ್ಥಳ ‘ಜಮಾತಖಾನೆ’. ಕೂಟದ ಅರ್ಥವೇ ಬೇಕಿದ್ದರೆ ಆ ‘ತ’ಕಾರದ ಗುರುತು ಎಲ್ಲಾದರೂ ಉಳಿಯಬೇಕಿತ್ತು. ‘ಜಾ’ ಎಂಬ ದೀರ್ಘ ಹ್ರಸ್ವವಾದದ್ದು ಹೇಗೆ ಎಂದು ಕೇಳುವವರಿಗೆ ಒಂದೇ ಉದಾಹರಣೆ ಸಾಕು. ಪಾರಸಿಯ ‘ಬಾಜಾರ್’ ನಮ್ಮಲ್ಲಿ ‘ಬಜಾರು’ ಆಗಿದೆ. ಬಟ್ಟೆ ಇಡುವ ಕೋಣೆಯ ಹೆಸರು ಬಟ್ಟೆಗೇ ಅಂಟಿಕೊಂಡದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ನಮಗೆ ದೊರೆತದ್ದು ಪುಸ್ತಕದಲ್ಲಲ್ಲ, ಪುಣೆಯ ಬೀದಿಯಲ್ಲಿ.

ಬುಧವಾರ ಪೇಟೆಯ ಕಡೆ ಓಡಾಡಿದವರಿಗೆ ‘ಫರಾಸಖಾನಾ’ ಪೊಲೀಸ್ ಠಾಣೆ ಗೊತ್ತಿರುತ್ತದೆ. ‘ಫರ್ಶ್’ ಎಂದರೆ ಹಾಸು, ಹಾಸುವವನು ‘ಫರಾಶ್’, ಡೇರೆ, ಜಾಜಮ, ಗಾದಿ, ಲೋಡುಗಳ ಉಗ್ರಾಣ ಫರಾಸಖಾನೆ. ಮೊಗಲರಿಂದ ಪೇಶ್ವೆಯರವರೆಗೆ ಯಾವ ಅರಸೊತ್ತಿಗೆಯೂ ಈ ಇಲಾಖೆ ಇಲ್ಲದೆ ನಡೆಯುತ್ತಿರಲಿಲ್ಲ. ದರಬಾರು ಎಂದರೆ ಕಟ್ಟಡವಲ್ಲ, ಹಾಸು. ಅರಸ ದಂಡೆತ್ತಿ ಹೋದಲ್ಲಿ ಹಾಸು ಬಿಚ್ಚಿದರೆ ಅಲ್ಲಿಯೇ ದರಬಾರು. ಇಂಥ ವ್ಯವಸ್ಥೆಯಲ್ಲಿ ‘ಜಾಮಖಾನೆಯದನ್ನು ತಂದು ಹಾಸಿ’ ಎಂಬ ಆಜ್ಞೆ ದಿನವೂ ಕೇಳುತ್ತಿದ್ದರೆ, ಹಾಸಿದ್ದಕ್ಕೇ ಆ ಹೆಸರು ನಿಲ್ಲುವುದು ಕಷ್ಟವೇನಲ್ಲ.

ಅಂದಹಾಗೆ ‘ಫರಾಶ್’ ಎಂಬ ಹುದ್ದೆ ಪೇಶ್ವೆಯರೊಡನೆ ಮುಗಿಯಲಿಲ್ಲ. ನಾವು ನೌಕರಿಗೆ ಸೇರಿದಾಗ ಕೇಂದ್ರ ಸರಕಾರದ ‘ಡಿ’ ಗುಂಪಿನಲ್ಲಿ ಪ್ಯೂನ್, ದಫ್ತರಿ, ಚೌಕಿದಾರರ ಸಾಲಿನಲ್ಲಿ ಫರಾಶನೂ ಇದ್ದ. ಹಾಸುವ ಹಾಸು ಯಾವಾಗಲೋ ಮಾಯವಾಗಿ ಅವನ ಕೈಯಲ್ಲಿ ಪೊರಕೆಯೂ ಧೂಳು ಒರೆಸುವ ಬಟ್ಟೆಯೂ ಉಳಿದಿದ್ದವು. ಆರನೆಯ ವೇತನ ಆಯೋಗದ ತರುವಾಯ ಈ ಹುದ್ದೆಗಳೆಲ್ಲ ‘ಮಲ್ಟಿ ಟಾಸ್ಕಿಂಗ್ ಸ್ಟಾಫ್’ ಎಂಬ ಒಂದೇ ಹೆಸರಿನಡಿ ಸೇರಿಹೋದವು. ಅಕ್ಬರನ ಪಾಳೆಯದಲ್ಲಿದ್ದ ಪದನಾಮವೊಂದು ನಮ್ಮ ಕಣ್ಣೆದುರಿಗೇ, ಒಂದು ಸುತ್ತೋಲೆಯಿಂದ, ಕಡತಕ್ಕೆ ಸೇರಿತು. ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ, ನಾವೂ ಗಮನಿಸಿರಲಿಲ್ಲ.

ಅಕ್ಬರನ ಮಾತು ಬಂದಿತು. ಅಬುಲ್ ಫಜಲ್ 16ನೆಯ ಶತಮಾನದ ಕೊನೆಯಲ್ಲಿ ಬರೆದ ‘ಐನ್–ಇ–ಅಕ್ಬರಿ’ಯಲ್ಲಿ ಫರಾಶಖಾನೆಗೆಂದೇ ಒಂದು ಪ್ರಕರಣವಿದೆ. ಆಗ್ರಾ, ಫತೇಪುರ, ಲಾಹೋರುಗಳಲ್ಲಿ ನೇಕಾರರು ನೆಲೆ ನಿಂತು ಎಂತೆಂಥ ರತ್ನಗಂಬಳಿಗಳನ್ನು ನೇಯುತ್ತಿದ್ದರು ಎಂಬುದನ್ನು ಅಳತೆ, ಬೆಲೆಗಳ ಸಮೇತ ಅವನು ವರ್ಣಿಸುತ್ತಾನೆ. ಕೊನೆಗೆ ಜಾಜಮ, ಶತರಂಜಿ, ಬಲೂಚಿ, ನಯವಾದ ಚಾಪೆ ಇವುಗಳ ಸರದಿ ಬಂದಾಗ, ಅವನ್ನೆಲ್ಲ ಬಣ್ಣಿಸುತ್ತ ಕೂತರೆ ಹೊತ್ತು ಸಾಲದೆಂದು ಕೈ ತೊಳೆದುಕೊಳ್ಳುತ್ತಾನೆ. ಗಂಟು ಹಾಕಿ ನೇಯುವ ಉಣ್ಣೆಯ ಗಂಬಳಿಗೆ ಇತಿಹಾಸಕಾರನ ಪುಟಗಳು. ಹತ್ತಿಯ ಚಪ್ಪಟೆ ಹಾಸಿಗೆ ಒಂದು ಸಾಲು. ಅಂದಿನಿಂದ ಇಂದಿನವರೆಗೆ ಜಮಖಾನದ ಕುಲಕ್ಕೆ ದೊರೆತಿರುವ ಗೌರವ ಹೆಚ್ಚುಕಡಮೆ ಇಷ್ಟೇ.

‘ಶತರಂಜಿ’ಯ ಕಥೆ ಜಮಖಾನದ್ದಕ್ಕಿಂತ ಸ್ವಾರಸ್ಯದ್ದು. ನಮ್ಮ ‘ಚತುರಂಗ’ ಆನೆ, ಕುದುರೆ, ರಥ, ಕಾಲಾಳುಗಳೊಡನೆ ಗಡಿ ದಾಟಿ ಪಾರಸಿಯಲ್ಲಿ ‘ಚತ್ರಂಗ್’ ಆಯಿತು. ಅರಬರ ಬಾಯಲ್ಲಿ ‘ಶತರಂಜ್’ ಆಯಿತು. ಆ ಮೇಲೆ ಆಟದ ಹಲಗೆಯ ಚೌಕಗಳನ್ನು ನೆನಪಿಸುವ ಹಾಸಿನ ಹೆಸರಾಗಿ ಮರಳಿ ಬಂದು ಮರಾಠಿಯ ಸತರಂಜಿಯಾಯಿತು. ಸಂಸ್ಕೃತದ ಮಾತು ಪರದೇಶ ಸುತ್ತಿ ಪರಕೀಯ ವೇಷದಲ್ಲಿ ಹಿಂದಿರುಗಿ ನಮ್ಮ ಕಾಲ ಕೆಳಗೆ ಮಲಗಿದೆ. ಇಂಥದ್ದನ್ನು ಸ್ವದೇಶಿ ಎನ್ನೋಣವೋ ವಿದೇಶಿ ಎನ್ನೋಣವೋ? ಹಿರಿಯರಿಗೆ ಈ ಪ್ರಶ್ನೆ ಕಳುಹಿಸಿದೆವು. ಅವರಿಂದ ಉತ್ತರ ಬರಲಿಲ್ಲ.

ಮುಂಬಯಿಯ ಗೆಳೆಯರೊಬ್ಬರು ಮಾತ್ರ ದೂರವಾಣಿಯಲ್ಲಿ ಹೊಸದೊಂದು ಸಿದ್ಧಾಂತ ಮಂಡಿಸಿದರು. ಅವರ ಪ್ರಕಾರ ಜಮಖಾನವೂ ಜಿಮ್ಖಾನಾವೂ ಒಂದೇ! ಮರೀನ್ ಡ್ರೈವಿನ ಉದ್ದಕ್ಕೂ ಜಿಮ್ಖಾನಾಗಳ ಫಲಕ ಓದುತ್ತ ಬೆಳೆದವರಿಗೆ ಹಾಗೆನಿಸುವುದು ಸಹಜ. ಆದರೆ ಜಿಮ್ಖಾನಾ ತೀರ ಈಚಿನ ಸೃಷ್ಟಿ. ಅದರ ಮೊದಲ ಬಳಕೆ 1861ರಲ್ಲಿ ರೂರ್ಕಿಯಲ್ಲಿ ಎಂದು ‘ಹಾಬ್ಸನ್–ಜಾಬ್ಸನ್’ ಕೋಶ ದಾಖಲಿಸುತ್ತದೆ. ರ್‍ಯಾಕೆಟ್ ಆಡುವ ಅಂಗಳಕ್ಕೆ ಹಿಂದುಸ್ತಾನಿಯಲ್ಲಿದ್ದ ‘ಗೇಂದ್‌ಖಾನಾ’, ಅಂದರೆ ಚೆಂಡಿನ ಮನೆ, ಎಂಬ ಹೆಸರಿಗೆ ಇಂಗ್ಲಿಷರು ತಮ್ಮ ‘ಜಿಮ್ನಾಸ್ಟಿಕ್ಸ್’ನ ತಲೆ ಜೋಡಿಸಿದರು. 1933ರಲ್ಲಿ ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದ ಬಾಂಬೆ ಜಿಮ್ಖಾನಾಕ್ಕೂ ನಮ್ಮ ಜಮಖಾನಕ್ಕೂ ಅರ್ಧ ದೇಹದ ನೆಂಟಸ್ತಿಕೆ ಮಾತ್ರ.

ಇಂಗ್ಲಿಷಿನ ‘ಕಾರ್ಪೆಟ್’ ಕೂಡ ಮೊದಲಿಗೆ ನೆಲದ್ದಲ್ಲ ಎಂಬುದನ್ನು ಇಂಗ್ಲಿಷ್ ಎಂ.ಎ. ಓದುವಾಗ ತಿಳಿದು ನಾವು ಬೆರಗಾಗಿದ್ದೆವು. ಶೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನಲ್ಲಿ ಕಾರ್ಪೆಟ್ಟನ್ನು ಹೆಚ್ಚಾಗಿ ಹೊದಿಸುತ್ತಿದ್ದದ್ದು ಮೇಜಿಗೆ. ಅಷ್ಟು ದುಬಾರಿಯ ವಸ್ತುವನ್ನು ತುಳಿಯುವ ಧೈರ್ಯ ಅರಸುಮನೆತನಕ್ಕಷ್ಟೇ ಇತ್ತು. ನಮ್ಮ ಕೇಂದ್ರ ಕಚೇರಿಗಳಲ್ಲಿ ಇಂತಿಷ್ಟು ದರ್ಜೆಯ ಮೇಲಿನ ಅಧಿಕಾರಿಯ ಕೋಣೆಗೆ ಮಾತ್ರ ಕಾರ್ಪೆಟ್ಟು ಎಂಬ ಕಟ್ಟಳೆಯನ್ನು ಕಂಡಾಗಲೆಲ್ಲ ನಮಗೆ ಆ ಮೇಜುಗಳು ನೆನಪಾಗುತ್ತವೆ.

ಇನ್ನು ಹೆಸರಿನಿಂದ ವಸ್ತುವಿಗೆ ಬರೋಣ. ಕನ್ನಡನಾಡಿನಲ್ಲಿ ಜಮಖಾನ ಎಂದರೆ ಧಾರವಾಡ ಜಿಲ್ಲೆಯ ನವಲಗುಂದ. ಹತ್ತಿ ಬೆಳೆಯುವ ಎರೆನೆಲದ ಊರು. ಹೆಸರಿನಲ್ಲೇ ನವಿಲು ಇದೆ, ಅಲ್ಲಿಯ ಜಮಖಾನದ ಮೇಲೂ ನವಿಲು ಇದೆ. ಅಲ್ಲಿಯ ನೇಕಾರ ಮನೆತನಗಳು ಹೇಳಿಕೊಳ್ಳುವ ಕಥೆ ಹೀಗೆ: ಅವರ ಹಿಂದಿನವರು ಆದಿಲಶಾಹಿಯ ವಿಜಯಪುರದಲ್ಲಿದ್ದರು; ವಿಜಯನಗರದೊಡನೆ ನಡೆದ ಯುದ್ಧಗಳ ಕಾಲದಲ್ಲಿ ನೆಲೆ ತಪ್ಪಿ, ಸುರಕ್ಷಿತ ಜಾಗ ಹುಡುಕುತ್ತ ನವಲಗುಂದಕ್ಕೆ ಬಂದರು. ಇದು ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ವಿಜಯಪುರದ ಅರಸರಿಗೆ ಹಾಸುಗಳ ಮೇಲಿದ್ದ ಪ್ರೀತಿಗೆ ಸಾಕ್ಷಿ ಕಣ್ಣೆದುರಿಗಿದೆ. ಆಸಾರ್ ಮಹಲಿನಲ್ಲಿದ್ದ ಹಳೆಯ ರತ್ನಗಂಬಳಿಗಳನ್ನು ಗೋಲಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು.

ನವಲಗುಂದದ ಜಮಖಾನವನ್ನು ನೇಯುವವರು ಹೆಂಗಸರು, ಮುಸಲ್ಮಾನ ಮನೆತನಗಳ ಹೆಂಗಸರು. ಗೋಡೆಗೆ ಒರಗಿಸಿದಂತೆ ನೆಟ್ಟಗೆ ನಿಂತ ಮಗ್ಗ. ಮೇಲಿನಿಂದ ಕೆಳಕ್ಕೆ ಬಿಗಿದ ಹಾಸಿನ ನೂಲು. ಎದುರಿಗೆ ಕೂತು ಬಣ್ಣಬಣ್ಣದ ಹೊಕ್ಕಿನ ನೂಲನ್ನು ಬೆರಳಿನಿಂದಲೇ ತೂರಿಸಿ, ಉಗುರುಗಳಿರುವ ಕಬ್ಬಿಣದ ಪಂಜದಿಂದ ಕುಟ್ಟಿ ಕೂರಿಸುತ್ತಾರೆ. ಹಾಗೆ ಕುಟ್ಟಿದಾಗ ಹೊಕ್ಕು ಹಾಸನ್ನು ಪೂರ್ತಿ ಮುಚ್ಚಿಬಿಡುತ್ತದೆ. ಮೇಲಿನಿಂದ ನೋಡಿದರೆ ಹಾಸಿನ ಎಳೆ ಒಂದೂ ಕಾಣದು. ನಡುವೆ ಹೆಚ್ಚಾಗಿ ಪಗಡೆಯ ಹಾಸಿನ ಚಿತ್ರ, ಸುತ್ತ ನವಿಲು, ಹೂವು, ಚೌಕ. ಪ್ರಾರ್ಥನೆಗೆಂದೇ ನೇಯುವ ಜಾನಮಾಜುಗಳ ಮೇಲೆ ಮಾತ್ರ ಪ್ರಾಣಿಪಕ್ಷಿಗಳಿಲ್ಲ. ಈ ವಿದ್ಯೆಯನ್ನು ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯರಿಗೆ ಕಲಿಸುವ ರೂಢಿ ಅಲ್ಲಿ ಇತ್ತೆಂದು ಹೇಳುತ್ತಾರೆ. ಮಗಳು ಮದುವೆಯಾಗಿ ಹೋದರೆ ಗುಟ್ಟೂ ಜೊತೆಗೆ ಹೋದೀತೆಂಬ ಭಯ. ಗುಟ್ಟು ಊರಿನಲ್ಲೇ ಉಳಿಯಿತು. ಕೊಳ್ಳುವವರು ಉಳಿಯಲಿಲ್ಲ. 2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತರೂ ಇಂದು ಮಗ್ಗದ ಮುಂದೆ ಕೂರುವವರು ಕೆಲವೇ ಮಂದಿ. ತಿಂಗಳೊಪ್ಪತ್ತಿನ ಮೈಮುರಿತಕ್ಕೆ ಸಿಗುವ ಕೂಲಿ ಬೇರೆ ಯಾವ ಕೆಲಸಕ್ಕೂ ಸಮವಲ್ಲ.

ತಮಿಳುನಾಡಿನಲ್ಲಿ ಈ ಹೆಸರನ್ನು ಬೆಳಗಿಸಿದ ಊರು ಈರೋಡು ಜಿಲ್ಲೆಯ ಭವಾನಿ. ಕಾವೇರಿಗೆ ಭವಾನಿ ಹೊಳೆ ಸೇರುವ ಸಂಗಮಕ್ಷೇತ್ರ. ಚೆನ್ನೈಯಲ್ಲಿದ್ದಾಗ ಅಲ್ಲಿಗೆ ಹೋಗಿದ್ದೆವು. 19ನೆಯ ಶತಮಾನದ ಕೊನೆಗೆ ಬಿಳಿಯರ ಗಿರಣಿಬಟ್ಟೆ ಬಂದು ಕೈಮಗ್ಗದ ಬಾಯಿಗೆ ಮಣ್ಣು ಬಿದ್ದಾಗ, ಗಿರಣಿಗೆ ಎಟುಕದ ಒರಟು ನೂಲಿನ ಹಾಸನ್ನು ನೇಯತೊಡಗಿ ಬದುಕಿಕೊಂಡವರು ಅಲ್ಲಿಯ ‘ಜಂಗಮರ್’ ಎಂಬ ಸಮುದಾಯದವರು. ಆ ಹೆಸರು ಕೇಳಿದರೆ ಯಾವ ಕನ್ನಡಿಗನ ಕಿವಿ ತಾನೆ ನಿಮಿರದು? ಭವಾನಿಯ ಜಮಕ್ಕಾಳಕ್ಕೆ ಭೌಗೋಳಿಕ ಗುರುತು ಬಂದದ್ದು 2005–06ರಲ್ಲಿ, ನವಲಗುಂದಕ್ಕಿಂತ ಮೊದಲೇ. ತೆಲಂಗಾಣದ ವರಂಗಲ್ಲಿನ ಹಾಸುಗಳಿಗೆ 2018ರಲ್ಲಿ ಬಂದಿತು.

ನಮ್ಮ ಈಗಿನ ಊರಿಗೂ ಈ ಕಥೆಯಲ್ಲಿ ಒಂದು ಪಾಲಿದೆ, ಅಷ್ಟೇನೂ ಹೆಮ್ಮೆಯದಲ್ಲ. 1871ರಲ್ಲಿ ಆರಂಭವಾದ ಯೆರವಡಾ ಸೆರೆಮನೆ ಕೈದಿಗಳಿಂದ ನೇಯಿಸಿದ ಗಂಬಳಿಗಳಿಗೆ ಹೆಸರಾಗಿತ್ತು. ಆಗ್ರಾ, ಲಾಹೋರು ಮೊದಲಾದ ಹಲವೆಡೆಯ ಜೈಲುಗಳಲ್ಲೂ ಈ ಉದ್ಯಮ ನಡೆಯುತ್ತಿತ್ತು. ಜಾರ್ಜ್ ಬರ್ಡ್‌ವುಡ್ 1880ರಲ್ಲಿ ಭಾರತದ ಕರಕುಶಲ ಕಲೆಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಕೂಲಿಯಿಲ್ಲದ ಕೈಗಳಿಂದ ಹುಟ್ಟುವ ಈ ಸರಕು ಪರಂಪರೆಯ ನೇಕಾರರ ಅನ್ನ ಕಸಿಯುತ್ತಿದೆ ಎಂದು ಸಿಟ್ಟಿನಿಂದಲೇ ಬರೆದಿದ್ದಾನೆ. ಆಳುವವರ ಕಡೆಯವನೇ ಆದರೂ ಆ ಮಾತಿನಲ್ಲಿ ಅವನು ನೇಕಾರರ ಪಕ್ಷ.

ಇಷ್ಟನ್ನೂ ಕಲೆಹಾಕಿ, ಮುಂದಿನ ಸಭೆಯಲ್ಲಿ ಹಿರಿಯರ ಎದುರು ನಮ್ಮ ವಾದ ಮಂಡಿಸಿದೆವು. ಗುಮಾಸ್ತ, ಅರ್ಜಿ, ತಾಲೂಕು, ಜಿಲ್ಲೆಗಳನ್ನು ಬಿಟ್ಟುಕೊಡದ ಕನ್ನಡ ಜಮಖಾನವೊಂದನ್ನೇ ಏಕೆ ಹೊರಹಾಕಬೇಕು? ಜಿ. ವೆಂಕಟಸುಬ್ಬಯ್ಯನವರು ‘ಎರವಲು ಪದಕೋಶ’ವನ್ನೇ ಮಾಡಿಕೊಟ್ಟಿರುವಾಗ ನಾಚಿಕೆ ಯಾತಕ್ಕೆ? ಅಲ್ಲದೆ ಜಮಖಾನದೊಡನೆ ಬರುವ ಕ್ರಿಯಾಪದ ‘ಹಾಸು’ ಅಪ್ಪಟ ದ್ರಾವಿಡ, ಹಳಗನ್ನಡದ ‘ಪಾಸು’. ಮಗ್ಗದ ಉದ್ದೆಳೆಯ ಹೆಸರೂ ಅದೇ. ‘ಜಮಖಾನ ಹಾಸು’ ಎಂದಾಗ ಪಾರಸಿಯೂ ಕನ್ನಡವೂ ಹಾಸುಹೊಕ್ಕಾಗಿವೆ, ಎಂದೆವು. ಮಾತು ಚೆನ್ನಾಗಿ ಬಂದಿತೆಂದು ನಮಗೂ ಅನಿಸಿತ್ತು. ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, ಬರಹದ ಕನ್ನಡವನ್ನು ಬದಿಗಿಟ್ಟು, ತಮ್ಮ ಊರಿನ ಮಾತಿನಲ್ಲಿ ಹೇಳಿದರು: “ನೀವು ಹೇಳೂದೆಲ್ಲಾ ಖರೇ ಇರಬಹುದ್ರಿ. ಆದರ ನಾ ‘ನಮ್ಮ ಮಾತಲ್ಲ’ ಅಂದದ್ದು ಅದು ಫಾರ್ಸಿ ಅಂತಲ್ಲ. ನಮ್ಮನ್ಯಾಗ ಕೌದಿ ಇತ್ತು, ಕಂಬಳಿ ಇತ್ತು, ಈಚಲ ಚಾಪಿ ಇತ್ತು. ಜಮಖಾನ ಇದ್ದದ್ದು ಗೌಡ್ರ ಮನಿಯೊಳಗ. ನಮ್ಮಪ್ಪ ಲೆಕ್ಕ ಕೇಳಾಕ ಹೋದಾಗ, ಹಾಸಿದ್ದ ಜಮಖಾನದ ಮೂಲಿ ಮಡಚಿ, ಬರೀ ನೆಲದ ಮ್ಯಾಲ ಕೂಡ್ತಿದ್ದ. ಯಾರೂ ಮಡಚು ಅಂತ ಹೇಳ್ತಿರಲಿಲ್ಲ. ಅವನs ಮಡಚ್ತಿದ್ದ.”

ನಮಗೆ ಮಾತು ಹೊರಡಲಿಲ್ಲ. ಆ ಮಡಚಿದ ಮೂಲೆ ನಮ್ಮ ಯಾವ ಕೋಶದಲ್ಲಿಯೂ ಇರಲಿಲ್ಲ. ಆದರೆ ನಮ್ಮ ನೆನಪಿನಲ್ಲಿ ಇತ್ತು. ಅದು ಈಗ ಹೊರಬಂದಿತು. ನಮ್ಮ ಅಜ್ಜನ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿರುತ್ತಿತ್ತು. ಮಡಿಯ ಅಜ್ಜಿ ಅದರ ಮೇಲೆ ಕೂರುತ್ತಿರಲಿಲ್ಲ. ಹತ್ತಿಗೆ ಮೈಲಿಗೆ ತಗಲುತ್ತದೆ, ಕಂಬಳಿಗೆ ತಗಲದು ಎಂಬುದು ಅವಳ ಶಾಸ್ತ್ರ, ಅವಳಿಗೆ ಮಣೆ. ತೋಟದ ಆಳುಗಳೂ ಅದರ ಮೇಲೆ ಕೂರುತ್ತಿರಲಿಲ್ಲ. ಅವರಿಗೆ ಜಗಲಿಯ ಕೆಳಗಿನ ಅಂಗಳ. ಒಬ್ಬಳು ತಾನಾಗಿ ದೂರವಿದ್ದಳು, ಉಳಿದವರು ದೂರವಿರಬೇಕಿತ್ತು. ಮಕ್ಕಳಾದ ನಾವು ಮಾತ್ರ ಅದರ ನಡುಮಧ್ಯದಲ್ಲಿ ಬಿದ್ದುಕೊಂಡು ಪುಸ್ತಕ ಓದುತ್ತಿದ್ದೆವು. ‘ನಾವು ಹೊರಳಾಡಿದ ಜಮಖಾನ’ ಎಂದು ಈ ಬರಹದ ಮೊದಲಲ್ಲಿ ಬರೆದಾಗ ‘ನಾವು’ ಎಂದರೆ ಯಾರು ಎಂದು ನಾವು ಯೋಚಿಸಿರಲಿಲ್ಲ. ಆ ಸಾಲನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇವೆ.

ಕರೆಯೋಲೆಯಲ್ಲಿ ಯಾವ ಪದ ಉಳಿಯಬೇಕು ಎಂಬುದು ಅಂದು ತೀರ್ಮಾನವಾಗಲಿಲ್ಲ. ಚಹಾ ಬಂದಿತು; ಮಾತು ಪುರಭವನದ ಬಾಡಿಗೆಯ ಕಡೆ ತಿರುಗಿತು. ಎಲ್ಲರೂ ಹೊರಟ ಮೇಲೆ ಸಭಾಂಗಣ ಖಾಲಿ ಮಾಡುವುದು ಉಳಿದಿತ್ತು. ಹದಿನೈದು ಅಡಿಯ ಜಮಖಾನವನ್ನು ಒಬ್ಬರೇ ಮಡಚಲಾಗದು. ಹಿರಿಯರು ಚಪ್ಪಲಿ ಮೆಟ್ಟಿದ್ದವರು ಮತ್ತೆ ಕಳಚಿ ಒಳಬಂದು, ಆ ಕಡೆಯ ಎರಡು ಮೂಲೆ ಹಿಡಿದರು. ಈ ಕಡೆಯ ಎರಡನ್ನು ನಾವು ಹಿಡಿದೆವು. ಒಮ್ಮೆ ಜೋರಾಗಿ ಕೊಡವಿದೆವು. ಧೂಳೆದ್ದಿತು. “ನಿಮ್ಮ ಕಡೀದು ಸ್ವಲ್ಪ ಮ್ಯಾಲ ಎತ್ರಿ” ಎಂದರು ಅವರು. ಎತ್ತಿದೆವು.